ಆರು ತಿಂಗಳಲ್ಲಿ ನೋಡಿದ ಸಿನಿಮಾಗಳಿಗೆ ರ‍್ಯಾಂಕ್ ಕೊಡುವುದು ಹೇಗೆ?

ಜೂನ್ ಮುಗಿಯುವ ಹೊತ್ತಿಗೆ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. 'ಈ ಆರು ತಿಂಗಳಲ್ಲಿ ನೋಡಿದ್ದರಲ್ಲಿ ಟಾಪ್ ಟೆನ್ ಬರೆಯೋಣ ಅಂತ ಕೂತೆ. ಮೊದಲ ಮೂರು ಸಲೀಸಾಗಿ ಬಂತು. ಆಮೇಲೆ ಎಲ್ಲವೂ ಒಂದೇ ಥರ ಕಾಣುತ್ತಿದೆ, ಏನು ಮಾಡಲಿ?' ಇನ್ನು ಕೆಲವರದು ಹೀಗೆ: 'ಎಂಟು ಸಿನಿಮಾಗೆ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಅದರಲ್ಲಿ ಯಾವುದು ಮೇಲೆ, ಯಾವುದು ಕೆಳಗೆ?'

ಎರಡಕ್ಕೂ ನನ್ನ ಉತ್ತರ ಒಂದೇ. ಸ್ಟಾರ್ ನೋಡಿ ಸಾಲು ಹಾಕಬೇಡಿ. ಎರಡೆರಡು ಸಿನಿಮಾ ಎದುರುಬದುರು ಇಟ್ಟು ಹೋಲಿಸಿ. ಸಿನಿಮಾ ಮುಗಿದ ಕೂಡಲೇ ಕೊಟ್ಟ ಸ್ಟಾರ್‌ನಲ್ಲಿ ಆ ಹೊತ್ತಿನ ಹುರುಪು, ಸುಸ್ತು, ಜೊತೆಗಿದ್ದವರ ನಗು ಎಲ್ಲ ಸೇರಿರುತ್ತದೆ. ಜನವರಿಯ ನಾಲ್ಕು ಸ್ಟಾರೂ ಮೇ ತಿಂಗಳ ನಾಲ್ಕು ಸ್ಟಾರೂ ಒಂದೇ ತೂಕದವಲ್ಲ. ಹೋಲಿಕೆ ಹಾಗಲ್ಲ. ಎರಡೂ ಸಿನಿಮಾವನ್ನು ಇವತ್ತಿನ ಮನಸ್ಸಿನಲ್ಲಿ ನೋಡುತ್ತೀರಿ, ಹಾಗಾಗಿ ಉತ್ತರ ಬೇಗ ಬರುತ್ತದೆ.

ಬೇಕಾಗುವುದು ಇಷ್ಟು: ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್ (ಗೂಗಲ್ ಶೀಟ್ಸ್ ಸಾಕು), ಸಣ್ಣ ಸಣ್ಣ ಚೀಟಿಗಳು, ಎರಡು ಸಂಜೆ. ಎರಡು ಯಾಕೆ ಅನ್ನೋದು ಕೊನೆಗೆ ಗೊತ್ತಾಗುತ್ತದೆ.

1. ಯಾವ ಸಿನಿಮಾ ಲೆಕ್ಕಕ್ಕೆ, ಯಾವುದು ಅಲ್ಲ?

ಮೊದಲು ಇದು ತೀರ್ಮಾನ ಆಗಬೇಕು. ಜನವರಿ 1ರಿಂದ ಜೂನ್ 30ರವರೆಗೆ ಅಂದರೆ 181 ದಿನ, ಅಧಿಕ ವರ್ಷವಾದರೆ 182. ಆದರೆ ಈ ಅವಧಿಯಲ್ಲಿ *ಬಿಡುಗಡೆಯಾದ* ಸಿನಿಮಾಗಳ ಪಟ್ಟಿಯೋ, *ನೀವು ನೋಡಿದ* ಸಿನಿಮಾಗಳ ಪಟ್ಟಿಯೋ? ಇವು ಎರಡು ಬೇರೆ ಬೇರೆ ಪಟ್ಟಿಗಳು. ಒಂದರಲ್ಲಿ ಇನ್ನೊಂದನ್ನು ಬೆರೆಸಿದರೆ ಅರ್ಧದಲ್ಲೇ ಗೊಂದಲ ಶುರುವಾಗುತ್ತದೆ.

ನನ್ನನ್ನು ಕೇಳಿದರೆ 'ನೋಡಿದ' ಪಟ್ಟಿಯೇ ವಾಸಿ. ಆರು ತಿಂಗಳಲ್ಲಿ ಬಿಡುಗಡೆಯಾದ ಒಳ್ಳೆಯ ಸಿನಿಮಾಗಳನ್ನೆಲ್ಲ ಜೂನ್ ಒಳಗೆ ನೋಡಿ ಮುಗಿಸುವುದು ವಿಮರ್ಶಕರಿಗೂ ಕಷ್ಟ. ನಮಗಂತೂ ಆಗದ ಮಾತು. ಅದೂ ಅಲ್ಲದೆ ವರ್ಷದ ಮೊದಲ ತಿಂಗಳುಗಳಲ್ಲಿ ನಾವು ನೋಡುವುದರಲ್ಲಿ ಹಿಂದಿನ ವರ್ಷದ್ದೇ ಜಾಸ್ತಿ ಇರುತ್ತದೆ. ಪ್ರಶಸ್ತಿ ಸುದ್ದಿಗಳು ಬರುವುದೂ, ಚಿತ್ರಮಂದಿರದಲ್ಲಿ ತಪ್ಪಿಹೋದದ್ದು ಓಟಿಟಿಗೆ ಬರುವುದೂ ಆಗಲೇ ಅಲ್ವಾ?

'ಬಿಡುಗಡೆಯಾದ' ಪಟ್ಟಿಯೇ ಬೇಕು ಅನ್ನುವವರಿಗೆ ಒಂದು ಎಚ್ಚರಿಕೆ. ಸಿನಿಮಾ ಮಾಹಿತಿ ತಾಣಗಳಾದ ಐಎಂಡಿಬಿಯಲ್ಲಾಗಲಿ ಲೆಟರ್‌ಬಾಕ್ಸ್ಡ್‌ನಲ್ಲಾಗಲಿ ಸಿನಿಮಾ ಹೆಸರಿನ ಪಕ್ಕದಲ್ಲಿ ಕಾಣುವ ವರ್ಷ ಸಾಮಾನ್ಯವಾಗಿ ಮೊಟ್ಟಮೊದಲ ಪ್ರದರ್ಶನದ್ದು. ಒಂದು ಸಿನಿಮಾ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೆರೆ ಕಂಡು, ಮುಂದಿನ ವರ್ಷ ನಿಮ್ಮೂರಿನ ಪರದೆಗೆ ಬಂದಿರಬಹುದು. ಅಲ್ಲಿ ನಮೂದಾಗಿರುವುದು ಹಿಂದಿನ ವರ್ಷ. ಆದ್ದರಿಂದ 'ಮೊದಲ ಪ್ರದರ್ಶನ' ಲೆಕ್ಕವೋ 'ನಮಗೆ ಸಿಕ್ಕ ದಿನ' ಲೆಕ್ಕವೋ ಅಂತ ಮೊದಲೇ ಒಂದು ಸಾಲು ಬರೆದಿಟ್ಟುಕೊಳ್ಳಿ.

ಉಳಿದ ಸಣ್ಣ ನಿಯಮಗಳನ್ನೂ ಈಗಲೇ ಮುಗಿಸಿಬಿಡಿ:

- ಹಿಂದೆ ನೋಡಿ ಈಗ ಮತ್ತೆ ನೋಡಿದ್ದು (ರೀವಾಚ್) ಬೇರೆ ಪಟ್ಟಿಗೆ. ಇಷ್ಟ ಅಂತಲೇ ಮತ್ತೆ ನೋಡಿದ್ದೀರಿ, ಹಾಗಾಗಿ ಹೊಸದರ ಜೊತೆ ಸ್ಪರ್ಧೆಗೆ ಬಿಟ್ಟರೆ ಅದೇ ಗೆಲ್ಲುತ್ತದೆ.
- ಅರ್ಧಕ್ಕೆ ಬಿಟ್ಟಿದ್ದು ಲೆಕ್ಕಕ್ಕಿಲ್ಲ.
- ಕಿರುಚಿತ್ರಗಳಿಗೆ ಒಂದು ಗೆರೆ ಬೇಕು. ಆಸ್ಕರ್ ಕೊಡುವ ಅಕಾಡೆಮಿ 40 ನಿಮಿಷಕ್ಕಿಂತ ಹೆಚ್ಚಿನದನ್ನು ಪೂರ್ಣ ಪ್ರಮಾಣದ ಚಿತ್ರ ಅನ್ನುತ್ತದೆ. ಅದನ್ನೇ ಇಟ್ಟುಕೊಂಡರೆ ತಕರಾರಿಲ್ಲ.
- ವೆಬ್ ಸೀರೀಸ್ ಬೇಡ. ಎಂಟು ಗಂಟೆಯ ಕಥೆಯನ್ನೂ ಎರಡು ಗಂಟೆಯ ಕಥೆಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸರಿಹೋಗುವುದಿಲ್ಲ.

2. ನೋಡಿದ್ದನ್ನೆಲ್ಲ ಒಂದು ಕಡೆ ಸೇರಿಸಿ

ನೆನಪಿನಿಂದ ಬರೆಯಲು ಹೋಗಬೇಡಿ. ನೆನಪಿಗೆ ಮೊದಲು ಬರುವುದು ಮೊನ್ನೆ ಮೊನ್ನೆ ನೋಡಿದ್ದು. ಫೆಬ್ರವರಿಯ ಸಿನಿಮಾ ಸದ್ದಿಲ್ಲದೆ ಬಿಟ್ಟುಹೋಗುತ್ತದೆ.

ನೀವು ಲೆಟರ್‌ಬಾಕ್ಸ್ಡ್‌ನಲ್ಲಿ ಡೈರಿ ಇಟ್ಟಿದ್ದರೆ ಕೆಲಸ ಮುಗಿದಂತೆ. 2011ರಲ್ಲಿ ನ್ಯೂಜಿಲೆಂಡ್‌ನಲ್ಲಿ ಶುರುವಾದ ಈ ತಾಣದಲ್ಲಿ ನೋಡಿದ ದಿನಾಂಕದ ಪ್ರಕಾರ ಎಲ್ಲವೂ ಸಾಲಾಗಿ ಇರುತ್ತವೆ. ಸೆಟ್ಟಿಂಗ್ಸ್‌ಗೆ ಹೋದರೆ ನಿಮ್ಮ ಮಾಹಿತಿಯನ್ನೆಲ್ಲ ಸಿಎಸ್‌ವಿ ಫೈಲ್ ಆಗಿ ಇಳಿಸಿಕೊಳ್ಳಬಹುದು. ಸಿಎಸ್‌ವಿ ಅಂದರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಠ್ಯದ ಪಟ್ಟಿ. ಯಾವ ಸ್ಪ್ರೆಡ್‌ಶೀಟಿನಲ್ಲಾದರೂ ತೆರೆದುಕೊಳ್ಳುತ್ತದೆ.

ಡೈರಿ ಇಲ್ಲದವರು ಹೀಗೆ ಹುಡುಕಿ. ನೆಟ್‌ಫ್ಲಿಕ್ಸ್ ಅನ್ನು ಬ್ರೌಸರ್‌ನಲ್ಲಿ ತೆರೆದು, ಅಕೌಂಟ್ ಪುಟಕ್ಕೆ ಹೋಗಿ, ನಿಮ್ಮ ಪ್ರೊಫೈಲ್‌ನಲ್ಲಿ 'ವ್ಯೂಯಿಂಗ್ ಆಕ್ಟಿವಿಟಿ' ಅನ್ನುವುದನ್ನು ಒತ್ತಿ. ಪುಟದ ಕೆಳಗೆ ಎಲ್ಲವನ್ನೂ ಡೌನ್‌ಲೋಡ್ ಮಾಡುವ ಕೊಂಡಿ ಇದೆ. ಅದೂ ಸಿಎಸ್‌ವಿ ಫೈಲೇ. ತೆರೆದರೆ ಎರಡೇ ಕಾಲಂ: ಹೆಸರು, ದಿನಾಂಕ. ಸೀರೀಸಿನ ಒಂದೊಂದು ಎಪಿಸೋಡೂ ಒಂದೊಂದು ಸಾಲಾಗಿ ತುಂಬಿಕೊಂಡಿರುತ್ತದೆ. ಮೊದಲು ಅವನ್ನು ಅಳಿಸಿ. ಐದು ನಿಮಿಷ ನೋಡಿ ಬಿಟ್ಟ ಸಿನಿಮಾಗಳೂ ಅಲ್ಲಿರುತ್ತವೆ, ಮನೆಯವರು ನಿಮ್ಮ ಪ್ರೊಫೈಲಿನಲ್ಲೇ ನೋಡಿದ್ದೂ ಇರುತ್ತದೆ. ಕಣ್ಣಾಡಿಸಿ ತೆಗೆಯಿರಿ.

ಬೇರೆ ಕೆಲವು ಓಟಿಟಿಗಳಲ್ಲೂ 'ವಾಚ್ ಹಿಸ್ಟರಿ' ಅಂತ ಒಂದು ಜಾಗ ಸಿಗುತ್ತದೆ. ಯೂಟ್ಯೂಬ್‌ನಲ್ಲಿ ನೋಡಿದ್ದಿದ್ದರೆ ಬೇಗ ತೆಗೆದಿಟ್ಟುಕೊಳ್ಳಿ. ಅಲ್ಲಿ ಹಿಸ್ಟರಿ ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಇದೆ, ಅದನ್ನು 3 ತಿಂಗಳಿಗೆ ಇಟ್ಟಿದ್ದರೆ ವರ್ಷದ ಆರಂಭದ್ದೆಲ್ಲ ಜೂನ್ ಹೊತ್ತಿಗೆ ಹೋಗಿರುತ್ತದೆ. ಚಿತ್ರಮಂದಿರದ್ದಾದರೆ ಟಿಕೆಟ್ ಮೆಸೇಜು, ಇಮೇಲು, ಫೋನಿನ ಗ್ಯಾಲರಿ. ಟಿವಿಯಲ್ಲಿ, ಗೆಳೆಯರ ಮನೆಯಲ್ಲಿ, ವಿಮಾನದಲ್ಲಿ ನೋಡಿದ್ದಕ್ಕೆ ಮಾತ್ರ ದಾಖಲೆ ಇರುವುದಿಲ್ಲ. ಅದನ್ನು ಮನೆಯವರನ್ನೇ ಕೇಳಿ.

3. ಒಂದೊಂದು ಸಿನಿಮಾಗೂ ಒಂದೊಂದು ಚೀಟಿ

ಪಟ್ಟಿ ಸಿಕ್ಕ ಮೇಲೆ ಒಂದು ಚೀಟಿಗೆ ಒಂದು ಹೆಸರಿನಂತೆ ಬರೆಯಿರಿ. ಮೇಲೆ ಹೆಸರು, ಮೂಲೆಯಲ್ಲಿ ನೋಡಿದ ತಿಂಗಳು. ಕೆಳಗೆ ಆ ಸಿನಿಮಾದಿಂದ ಈಗ ನೆನಪಾಗುವ ಒಂದೇ ಒಂದು ವಿಷಯ. ಇಂಟರ್‌ನೆಟ್ ನೋಡದೆ ಬರೆಯಬೇಕು, ಅದೇ ಮುಖ್ಯ. 'ಅದ್ಭುತ ನಟನೆ' ಅಂತ ಬರೆದರೆ ಪ್ರಯೋಜನವಿಲ್ಲ. 'ಅಪ್ಪ ಫೋನ್ ಇಟ್ಟ ಮೇಲೂ ಮಗಳು ರಿಸೀವರ್ ಹಿಡಿದುಕೊಂಡೇ ನಿಲ್ಲುತ್ತಾಳೆ' ಅಂತ ಬರೆದರೆ ಆ ಸಿನಿಮಾ ನಿಮ್ಮೊಳಗೆ ಇನ್ನೂ ಇದೆ ಅಂತ ಅರ್ಥ.

ಕೆಲವು ಚೀಟಿಗಳಲ್ಲಿ ಏನೂ ಹೊಳೆಯುವುದಿಲ್ಲ. ಖಾಲಿ ಬಿಡಿ. ಆಗ ನಾಲ್ಕೂವರೆ ಸ್ಟಾರ್ ಕೊಟ್ಟಿದ್ದೀರಿ, ಈಗ ನಾಯಕನ ಕೆಲಸ ಏನಿತ್ತು ಅನ್ನೋದೂ ನೆನಪಿಲ್ಲ. ಖಾಲಿ ಚೀಟಿಯೇ ಅದನ್ನು ಹೇಳುತ್ತದೆ.

ಹಿಂಭಾಗದಲ್ಲಿ ಒಂದು ಷರಾ ಹಾಕಿ: ಯಾವ ಪರಿಸ್ಥಿತಿಯಲ್ಲಿ ನೋಡಿದ್ದು. 'ಬಸ್ಸಿನಲ್ಲಿ, ಫೋನಿನಲ್ಲಿ', 'ಅರ್ಧ ನಿದ್ದೆಯಲ್ಲಿ', 'ಸಬ್‌ಟೈಟಲ್ ಸರಿ ಇರಲಿಲ್ಲ'. ಸಿನಿಮಾಗೆ ಆದ ಅನ್ಯಾಯ ಎಷ್ಟು ಅಂತ ಆಮೇಲೆ ನೋಡುವಾಗ ಇದು ಬೇಕಾಗುತ್ತದೆ.

4. ಮೂರು ಗುಡ್ಡೆ ಮಾಡಿ

ಎಲ್ಲ ಚೀಟಿಗಳನ್ನೂ ಒಂದೇ ಸಲ ಸಾಲು ಹಾಕುವ ಸಾಹಸ ಬೇಡ. 30 ಸಿನಿಮಾ ಇದ್ದರೆ ಎಲ್ಲವನ್ನೂ ಎಲ್ಲದರ ಜೊತೆ ಹೋಲಿಸಲು 435 ಜೋಡಿಗಳಾಗುತ್ತವೆ. ಯಾರಿಗೆ ಪುರುಸೊತ್ತಿದೆ?

ಹಾಗಾಗಿ ಮೂರು ಗುಡ್ಡೆ: 'ಖಂಡಿತ ಇಷ್ಟ', 'ಪರವಾಗಿಲ್ಲ', 'ಬೇಡ'. ಒಂದು ಚೀಟಿಗೆ ಐದು ಸೆಕೆಂಡಿಗಿಂತ ಜಾಸ್ತಿ ಯೋಚಿಸಬೇಡಿ. ಅನುಮಾನ ಬಂದರೆ ನಡುವಿನ ಗುಡ್ಡೆಗೆ. ಇನ್ನು ಮುಂದಿನ ಕೆಲಸವೆಲ್ಲ ಮೊದಲ ಗುಡ್ಡೆಯ ಮೇಲೆ ಮಾತ್ರ. ಅದರಲ್ಲಿ ಹತ್ತಕ್ಕಿಂತ ಕಡಿಮೆ ಬಂದರೆ ಬರಲಿ. ಟಾಪ್ ಟೆನ್ ಆಗಲೇಬೇಕು ಅಂತ 'ಪರವಾಗಿಲ್ಲ'ದಿಂದ ಎಳೆದು ತಂದರೆ ಪಟ್ಟಿಯ ಬಾಲ ಸೊರಗುತ್ತದೆ. ಟಾಪ್ ಸೆವೆನ್ ಮಾಡಿ, ಯಾರು ಕೇಳುತ್ತಾರೆ?

5. ಒಂದೇ ಪ್ರಶ್ನೆ ಇಟ್ಟುಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಜೋಡಿಗೆ 'ಯಾವುದು ಚೆನ್ನಾಗಿ ತೆಗೆದ ಸಿನಿಮಾ?' ಅಂತ ಕೇಳಿಕೊಳ್ಳುತ್ತಾರೆ. ಮುಂದಿನ ಜೋಡಿಗೆ 'ಯಾವುದು ನನಗೆ ಇಷ್ಟ?' ಅಂತ. ಪ್ರಶ್ನೆ ಬದಲಾದರೆ ಸಾಲು ನಿಲ್ಲುವುದಿಲ್ಲ.

'ಶ್ರೇಷ್ಠ' ಬೇರೆ, 'ಇಷ್ಟ' ಬೇರೆ. ಈ ಪಟ್ಟಿ ಇಷ್ಟದ್ದು. 'ಯಾವುದನ್ನು ಮತ್ತೆ ನೋಡುತ್ತೀರಿ?' ಅಂತ ಕೇಳಿಕೊಳ್ಳಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಕೆಲವು ಸಿನಿಮಾ ತುಂಬ ಇಷ್ಟವಾಗಿರುತ್ತದೆ, ಆದರೆ ಅಷ್ಟು ಭಾರವನ್ನು ಇನ್ನೊಮ್ಮೆ ಹೊರುವ ಶಕ್ತಿ ಇರುವುದಿಲ್ಲ. ಆ ಪ್ರಶ್ನೆಯಲ್ಲಿ ಲಘು ಹಾಸ್ಯಗಳೇ ಗೆಲ್ಲುತ್ತವೆ.

ಅದರ ಬದಲು ಹೀಗೆ ಕೇಳಿ: 'ಈ ಎರಡರಲ್ಲಿ ಯಾವುದನ್ನು ನೋಡದೇ ಇದ್ದಿದ್ದರೆ ನನಗೆ ನಷ್ಟ ಜಾಸ್ತಿ?' ಭಾರವಾದದ್ದಕ್ಕೂ ಹಗುರವಾದದ್ದಕ್ಕೂ ಈ ಪ್ರಶ್ನೆ ಒಂದೇ ಥರ ಹೊಂದುತ್ತದೆ. ಚೀಟಿಗಳ ಮೇಲ್ಗಡೆ ಒಂದು ಹಾಳೆಯಲ್ಲಿ ಅದನ್ನು ಬರೆದಿಟ್ಟು, ಪ್ರತಿ ಸಲವೂ ಓದಿ.

ಕಥೆಗೆ ಇಷ್ಟು, ನಟನೆಗೆ ಇಷ್ಟು, ಸಂಗೀತಕ್ಕೆ ಇಷ್ಟು ಅಂತ ಅಂಕ ಹಾಕಿ ಕೂಡಿಸಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಮಾಡಿ ನೋಡಿ, ಬರುವ ಪಟ್ಟಿ ನಿಮಗೇ ಪರಿಚಯ ಸಿಗುವುದಿಲ್ಲ. ಐದು ವಿಭಾಗದಲ್ಲೂ ಏಳೇಳು ಪಡೆದ ಸಾಧಾರಣ ಸಿನಿಮಾಗೆ 35 ಬರುತ್ತದೆ. ಎರಡರಲ್ಲಿ ಹತ್ತಕ್ಕೆ ಹತ್ತು ಪಡೆದು, ಉಳಿದದ್ದರಲ್ಲಿ 5, 5, 4 ಪಡೆದ ಸಿನಿಮಾಗೆ 34. ನಿಮ್ಮ ನಿದ್ದೆ ಕೆಡಿಸಿದ್ದು ಎರಡನೆಯದು, ಗೆದ್ದದ್ದು ಮೊದಲನೆಯದು. ಎಲ್ಲೂ ತಪ್ಪು ಮಾಡದ ಸಿನಿಮಾಗಳಿಗೆ ಈ ಕೂಡಿಸುವ ಲೆಕ್ಕ ಸುಮ್ನೆ ಬಹುಮಾನ ಕೊಡುತ್ತದೆ.

6. ಜೋಡಿ ಹೋಲಿಸಿ ಸೇರಿಸುತ್ತಾ ಹೋಗಿ

ಈಗ ಮುಖ್ಯ ಕೆಲಸ. 'ಖಂಡಿತ ಇಷ್ಟ' ಗುಡ್ಡೆಯನ್ನು ಇಸ್ಪೀಟಿನ ಎಲೆಗಳ ಹಾಗೆ ಚೆನ್ನಾಗಿ ಕಲಸಿ. ತಿಂಗಳ ಕ್ರಮದಲ್ಲಿ ಇಟ್ಟುಕೊಂಡರೆ ಹಳೆಯದು ಒಂದು ಕಡೆ, ಹೊಸದು ಒಂದು ಕಡೆ ಆಗಿಬಿಡುತ್ತದೆ.

ಮೇಲಿನ ಎರಡು ಚೀಟಿ ತೆಗೆಯಿರಿ. ಪ್ರಶ್ನೆ ಕೇಳಿ. ಗೆದ್ದದ್ದು ಮೇಲೆ, ಸೋತದ್ದು ಕೆಳಗೆ. ಮೂರನೆಯ ಚೀಟಿಗೂ ಹೀಗೇ ಜಾಗ ಹುಡುಕಿ. ಸಾಲು ಉದ್ದವಾದ ಹಾಗೆ ಮೇಲಿಂದ ಒಂದೊಂದಾಗಿ ಹೋಲಿಸುತ್ತಾ ಬರಬೇಡಿ. ನೇರವಾಗಿ ನಡುವಿನದಕ್ಕೆ ಹೋಗಿ.

ಉದಾಹರಣೆ ನೋಡಿ. ಸಾಲಿನಲ್ಲಿ ಈಗಾಗಲೇ ಏಳು ಸಿನಿಮಾ ಇವೆ. ಕೈಗೆ ಒಂದು ಕೋರ್ಟ್ ಕಥೆಯ ಚೀಟಿ ಬಂತು. ಮೊದಲು ನಾಲ್ಕನೆಯ ಜಾಗದಲ್ಲಿರುವ ಹಾಸ್ಯದ ಜೊತೆ ಹೋಲಿಸಿ. ಕೋರ್ಟ್ ಕಥೆ ಗೆದ್ದಿತು. ಅಂದರೆ ಐದು, ಆರು, ಏಳರ ಜೊತೆ ಹೋಲಿಸುವ ಕೆಲಸವೇ ಇಲ್ಲ. ಮುಂದೆ ಎರಡನೆಯ ಜಾಗದಲ್ಲಿರುವ ಸಾಕ್ಷ್ಯಚಿತ್ರ. ಈ ಸಲ ಕೋರ್ಟ್ ಕಥೆ ಸೋತಿತು. ಉಳಿದದ್ದು ಮೂರನೆಯದು, ಒಂದು ಪ್ರೇಮಕಥೆ. ಅದರ ಎದುರು ಗೆದ್ದಿತು. ಹಾಗಾದರೆ ಕೋರ್ಟ್ ಕಥೆ ಮೂರನೆಯ ಸ್ಥಾನಕ್ಕೆ, ಪ್ರೇಮಕಥೆ ನಾಲ್ಕಕ್ಕೆ. ಮೂರೇ ಪ್ರಶ್ನೆಯಲ್ಲಿ ಮುಗಿಯಿತು.

ಸಾಲಿನಲ್ಲಿ 15 ಇದ್ದರೆ ಹೊಸದಕ್ಕೆ ನಾಲ್ಕು ಪ್ರಶ್ನೆ ಸಾಕು. 31 ಇದ್ದರೂ ಐದೇ. ಕಂಪ್ಯೂಟರ್ ಕಲಿತವರಿಗೆ ಇದು ಗೊತ್ತಿರುತ್ತದೆ, 'ಬೈನರಿ ಸರ್ಚ್' ಅನ್ನುತ್ತಾರೆ: ಪ್ರತಿ ಸಲವೂ ಉಳಿದ ಸಾಲನ್ನು ಅರ್ಧ ಮಾಡುತ್ತಾ ಹುಡುಕುವುದು. ಮೊದಲ ಗುಡ್ಡೆಯಲ್ಲಿ 12 ಸಿನಿಮಾ ಇದ್ದರೆ ಒಟ್ಟು 33 ಹೋಲಿಕೆಯೊಳಗೆ ಪೂರ್ತಿ ಸಾಲು ತಯಾರು. ಅರ್ಧ ಗಂಟೆಯ ಕೆಲಸ.

ಇಲ್ಲಿ ಬೀಳಬಹುದಾದ ಹಳ್ಳಗಳು ಕೆಲವಿವೆ.

*ಹೊಸದರ ಹೊಳಪು.* ಜೂನ್ ಕೊನೆಯ ವಾರದಲ್ಲಿ ನೋಡಿದ್ದು ಇನ್ನೂ ಹಸಿಯಾಗಿರುತ್ತದೆ, ಜನವರಿಯದ್ದು ಮಾಸಿರುತ್ತದೆ. ಕೊನೆಯ ಎರಡು ವಾರದ ಚೀಟಿಗಳನ್ನು ಪಕ್ಕಕ್ಕಿಟ್ಟು, ಉಳಿದವೆಲ್ಲ ಸಾಲಾದ ಮೇಲೆ ಸೇರಿಸಿ. ಅವು ನೇರವಾಗಿ ಮೊದಲ ಸ್ಥಾನಕ್ಕೆ ಹಾರಿದರೆ ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ.

*ಕ್ಲೈಮ್ಯಾಕ್ಸ್ ಮೋಹ.* ಮನಃಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಜೊತೆಗಾರರು 'ಪೀಕ್-ಎಂಡ್' ಅನ್ನುವ ನಿಯಮ ಹೇಳಿದ್ದರು. ಒಂದು ಅನುಭವವನ್ನು ನಾವು ನೆನಪಿಟ್ಟುಕೊಳ್ಳುವುದು ಅದರ ತೀವ್ರವಾದ ಗಳಿಗೆ ಮತ್ತು ಕೊನೆ, ಇವೆರಡನ್ನು ಹಿಡಿದು. ನಡುವಿನದು ಎಷ್ಟು ಹೊತ್ತು ಇತ್ತು ಅನ್ನೋದಕ್ಕೆ ಅಷ್ಟು ಬೆಲೆ ಇಲ್ಲ. ಮುಕ್ಕಾಲು ಗಂಟೆ ಆಕಳಿಸಿ, ಕೊನೆಯ ಹತ್ತು ನಿಮಿಷಕ್ಕೆ ಶಿಳ್ಳೆ ಹೊಡೆದ ಸಿನಿಮಾ ಯಾವುದು ಅಂತ ನಿಮಗೇ ಗೊತ್ತಿರುತ್ತದೆ. ಚೀಟಿಯಲ್ಲಿ ಬರೆದ ನೆನಪು ಕ್ಲೈಮ್ಯಾಕ್ಸಿನದೇ ಆಗಿದ್ದರೆ, ಮೊದಲರ್ಧದಿಂದ ಇನ್ನೊಂದು ದೃಶ್ಯ ನೆನಪಾಗುತ್ತದಾ ನೋಡಿ.

*ಮುಜುಗರ.* ಒಂದು ಕಡೆ ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಸಿನಿಮಾ, ಇನ್ನೊಂದು ಕಡೆ ಪ್ರಶಸ್ತಿ ಬಂದ ಗಂಭೀರ ಸಿನಿಮಾ. ಕೈ ತಾನಾಗಿ ಗಂಭೀರದ ಕಡೆ ಹೋಗುತ್ತದೆ, ಯಾರಾದರೂ ನೋಡಿದರೆ ಏನಂದುಕೊಂಡಾರು ಅಂತ. ಪಟ್ಟಿಯಲ್ಲಿ ಒಂದಾದರೂ ಹಾಸ್ಯವೋ ಹಾರರೋ ಇಲ್ಲ, ಆದರೆ ಆರು ತಿಂಗಳು ಅವನ್ನೇ ಜಾಸ್ತಿ ನೋಡಿದ್ದೀರಿ ಅಂದರೆ ಎಲ್ಲೋ ಸುಳ್ಳು ನುಸುಳಿದೆ.

*ಪರರ ಅಂಕ.* ಸಾಲು ಮುಗಿಯುವವರೆಗೆ ಯಾವ ರೇಟಿಂಗನ್ನೂ ನೋಡಬೇಡಿ. ವಿಮರ್ಶೆಗಳನ್ನು ಒಟ್ಟುಗೂಡಿಸುವ ತಾಣ ರಾಟನ್ ಟೊಮ್ಯಾಟೋಸ್‌ನ ಶೇಕಡಾ ಸಂಖ್ಯೆಯನ್ನಂತೂ ಬಹಳ ಜನ ತಪ್ಪು ತಿಳಿಯುತ್ತಾರೆ. ಶೇ. 95 ಅಂದರೆ ನೂರಕ್ಕೆ 95 ಅಂಕ ಅಲ್ಲ. ನೂರರಲ್ಲಿ 95 ವಿಮರ್ಶಕರು 'ಒಟ್ಟಾರೆ ಚೆನ್ನಾಗಿದೆ' ಅನ್ನುವ ಕಡೆ ಇದ್ದಾರೆ, ಅಷ್ಟೇ. ಅಷ್ಟೂ ಜನ 'ಒಮ್ಮೆ ನೋಡಬಹುದು' ಅಂದಿದ್ದರೂ ಅದೇ ಸಂಖ್ಯೆ ಬರುತ್ತದೆ.

7. ಸುತ್ತಿಕೊಂಡರೆ ಏನು ಮಾಡಬೇಕು?

ಕೆಲವೊಮ್ಮೆ ಹೀಗಾಗುತ್ತದೆ: ಹಾಸ್ಯಕ್ಕಿಂತ ಕೋರ್ಟ್ ಕಥೆ ಮೇಲು, ಕೋರ್ಟ್ ಕಥೆಗಿಂತ ಪ್ರೇಮಕಥೆ ಮೇಲು, ಆದರೆ ಪ್ರೇಮಕಥೆಗಿಂತ ಹಾಸ್ಯವೇ ಮೇಲು ಅನಿಸುತ್ತದೆ. ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ಮತದಾನದಲ್ಲಿ ಇಂಥ ಸುತ್ತು ಬೀಳಬಹುದು ಅಂತ ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ 1785ರಲ್ಲೇ ಬರೆದಿದ್ದ. ಒಬ್ಬರ ತಲೆಯೊಳಗೂ ಅದೇ ಆಗುತ್ತದೆ, ಯಾಕೆಂದರೆ ಪ್ರತಿ ಜೋಡಿಗೂ ಬೇರೆ ಬೇರೆ ಕಾರಣಕ್ಕೆ ಮತ ಹಾಕುತ್ತಿರುತ್ತೀರಿ.

ಮೂರೂ ಚೀಟಿಯನ್ನು ಒಟ್ಟಿಗೆ ಮುಂದಿಟ್ಟು, ಯಾವುದನ್ನು *ಮೊದಲು ಕೈಬಿಡುತ್ತೀರಿ* ಅಂತ ಕೇಳಿ. ಮೇಲಿನದನ್ನು ಆರಿಸುವುದಕ್ಕಿಂತ ಕೆಳಗಿನದನ್ನು ತೆಗೆಯುವುದು ಸುಲಭ. ಆಗಲೂ ಬಿಡಿಸಿಕೊಳ್ಳದಿದ್ದರೆ ಮೂರಕ್ಕೂ ಒಂದೇ ಸ್ಥಾನ ಕೊಟ್ಟು ಮುಂದೆ ಹೋಗಿ. ಆದರೆ ಮೊದಲ ಸ್ಥಾನಕ್ಕೆ ಮಾತ್ರ ಜಂಟಿ ಬೇಡ. ಅಲ್ಲಿ ತೀರ್ಮಾನ ಮಾಡದಿದ್ದರೆ ಇಷ್ಟೆಲ್ಲ ಕೂತದ್ದು ಯಾಕೆ?

8. ಎರಡನೆಯ ಸಂಜೆ

ಸಾಲಿನ ಫೋಟೋ ತೆಗೆದಿಟ್ಟು ಚೀಟಿಗಳನ್ನು ಕಲಸಿಬಿಡಿ. ಒಂದು ವಾರ ಬಿಟ್ಟು, ಫೋಟೋ ನೋಡದೆ ಮತ್ತೆ ಸಾಲು ಹಾಕಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಒಂದೆರಡು ಸ್ಥಾನ ಆಚೀಚೆ ಆಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕೈದು ಸ್ಥಾನ ಜಾರಿದ ಅಥವಾ ಏರಿದ ಸಿನಿಮಾ ಇದ್ದರೆ ಚೀಟಿಯ ಹಿಂಭಾಗದ ಷರಾ ಓದಿ. ಅಲ್ಲಿ 'ಅರ್ಧ ನಿದ್ದೆಯಲ್ಲಿ' ಅಂತ ಇದ್ದರೆ ಆ ಒಂದು ಸಿನಿಮಾವನ್ನು ಇನ್ನೊಮ್ಮೆ ನೋಡುವುದು ನ್ಯಾಯ. ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ ಜೂನ್ ಸಿನಿಮಾಗಳ ಹಣೆಬರಹವೂ ಈಗಲೇ ಗೊತ್ತಾಗುವುದು.

ಹಂಚಿಕೊಳ್ಳುವುದಾದರೆ ಪ್ರತಿ ಹೆಸರಿನ ಜೊತೆ ಒಂದು ಸಾಲು ಬರೆಯಿರಿ. ಹೊಸದಾಗಿ ಯೋಚಿಸಬೇಕಿಲ್ಲ, ಚೀಟಿಯಲ್ಲಿ ಬರೆದದ್ದೇ ಸಾಕು. ಕಥೆಯ ಗುಟ್ಟು ಬಿಟ್ಟುಕೊಡುವ ಸಾಲಾಗಿದ್ದರೆ ಬದಲಿಸಿ. ಮೇಲ್ಗಡೆ ನಿಮ್ಮ ನಿಯಮವನ್ನೂ ದಿನಾಂಕವನ್ನೂ ಹಾಕಿ: 'ಜನವರಿಯಿಂದ ಜೂನ್‌ವರೆಗೆ ಮೊದಲ ಸಲ ನೋಡಿದ್ದು, ಯಾವ ವರ್ಷದ ಸಿನಿಮಾ ಆದರೂ ಸರಿ'. 'ಇದು ಹೋದ ವರ್ಷದ್ದಲ್ವಾ?' ಅನ್ನುವ ಅರ್ಧ ಪ್ರಶ್ನೆಗಳು ಅಲ್ಲೇ ನಿಲ್ಲುತ್ತವೆ.

ಗೆಳೆಯರೆಲ್ಲ ಸೇರಿ ಒಂದೇ ಪಟ್ಟಿ ಮಾಡುವುದಾದರೆ

ಸುಲಭದ ದಾರಿ ಬೋರ್ಡಾ ಲೆಕ್ಕ. ಇದೂ 18ನೇ ಶತಮಾನದ ಫ್ರಾನ್ಸಿನದೇ. ಪ್ರತಿಯೊಬ್ಬರ ಮೊದಲ ಸ್ಥಾನಕ್ಕೆ 10 ಅಂಕ, ಎರಡನೆಯದಕ್ಕೆ 9, ಹೀಗೆ ಹತ್ತನೆಯದಕ್ಕೆ 1. ಎಲ್ಲವನ್ನೂ ಕೂಡಿಸಿ. ಇದರ ತೊಂದರೆ ಏನೆಂದರೆ ಎಲ್ಲರೂ ನೋಡಿದ ದೊಡ್ಡ ಸಿನಿಮಾ ಗೆಲ್ಲುತ್ತದೆ, ಮೂವರೇ ನೋಡಿ ಮೂವರೂ ತಲೆಯ ಮೇಲೆ ಹೊತ್ತುಕೊಂಡದ್ದು ಸೋಲುತ್ತದೆ. ಅದಕ್ಕೆ ಒಟ್ಟು ಅಂಕವನ್ನು *ನೋಡಿದವರ* ಸಂಖ್ಯೆಯಿಂದ ಭಾಗಿಸಿ. ನೋಡಿಯೂ ಪಟ್ಟಿಗೆ ಹಾಕದವರದ್ದು ಸೊನ್ನೆ, ನೋಡಿಯೇ ಇಲ್ಲದವರು ಲೆಕ್ಕಕ್ಕಿಲ್ಲ. ಕನಿಷ್ಠ ಮೂವರಾದರೂ ನೋಡಿರಬೇಕು ಅಂತ ಒಂದು ಗೆರೆ ಹಾಕಿ. ಇದಕ್ಕೆ ಟಾಪ್ ಟೆನ್ ಮಾತ್ರ ಸಾಲದು, ನೋಡಿದ್ದರ ಪೂರ್ತಿ ಪಟ್ಟಿಯನ್ನೂ ಎಲ್ಲರಿಂದ ತರಿಸಿಕೊಳ್ಳಿ.

ಅಂಕದ ಗೊಡವೆಯೇ ಬೇಡ ಅನ್ನುವವರಿಗೂ ಒಂದು ದಾರಿ ಇದೆ. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಸಿನಿಮಾ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ಶ್ರೇಷ್ಠ ಸಿನಿಮಾಗಳು ಯಾವುವು ಅಂತ ವಿಮರ್ಶಕರಿಂದ ಮತ ಕೇಳುತ್ತದೆ. ಒಬ್ಬೊಬ್ಬರೂ ಹತ್ತು ಹೆಸರು ಕೊಡುತ್ತಾರೆ, ಹತ್ತಕ್ಕೂ ಒಂದೇ ಬೆಲೆ. ಹೆಚ್ಚು ಜನ ಹೆಸರಿಸಿದ್ದು ಮೇಲೆ ಬರುತ್ತದೆ. ವಾಟ್ಸಾಪ್ ಗುಂಪಿಗೆ ಇದು ಜಗಳ ಕಡಿಮೆ ಇರುವ ದಾರಿ.

ಜುಲೈ ನಂತರ

ಚೀಟಿಗಳನ್ನು ಎಸೆಯಬೇಡಿ. ಇನ್ನು ಮುಂದೆ ಇಷ್ಟವಾದ ಸಿನಿಮಾ ನೋಡಿದ ಹಾಗೆಲ್ಲ, ಎರಡು ವಾರ ತಡೆದು, ಒಂದು ಚೀಟಿ ಬರೆದು ನಡುವಿನದರ ಜೊತೆ ಹೋಲಿಸಿ ಸೇರಿಸುತ್ತಾ ಬನ್ನಿ. ಮೂರು ನಾಲ್ಕು ಪ್ರಶ್ನೆಯ ಕೆಲಸ ಅಷ್ಟೇ. ಡಿಸೆಂಬರ್‌ನಲ್ಲಿ ಹೊಸದಾಗಿ ಕೂರಬೇಕಾಗಿಲ್ಲ. ಜೂನ್ ಪಟ್ಟಿಯನ್ನು ಮಾತ್ರ ತಿದ್ದಬೇಡಿ, ಅದರ ನಕಲು ಮಾಡಿಕೊಂಡು ಅದರಲ್ಲಿ ಬದಲಾಯಿಸಿ. ಸ್ಪ್ರೆಡ್‌ಶೀಟ್ ಆದರೆ ಕೆಳಗಿನ ಟ್ಯಾಬಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಡೂಪ್ಲಿಕೇಟ್' ಒತ್ತಿದರೆ ಆಯಿತು.